ಹುಬ್ಬಳ್ಳಿಯ ಕ್ಯಾಲೆಂಡರು, ವುಡ್‌ಬ್ರಿಡ್ಜಿನ ಹುಣ್ಣಿಮೆ

ಹೋದ ವಾರ ಏನೋ ಕೆಲಸದ ಮೇಲೆ ಟೊರಾಂಟೊ ಹತ್ತಿರದ ಸ್ಟ್ರೀಟ್ಸ್‌ವಿಲ್‌ಗೆ ಹೋಗಿದ್ದೆ. ಕ್ವೀನ್ ಸ್ಟ್ರೀಟಿನ ಕಾಫಿ ಅಂಗಡಿಯ ಸೂರಿನಡಿ, ಮಳೆ ನಿಲ್ಲಲಿ ಎಂದು ನಾಲ್ಕಾರು ಜನ ನಿಂತಿದ್ದೆವು. ವಯಸ್ಸಾದ ಹೆಂಗಸೊಬ್ಬರು ತಮ್ಮ ದೊಡ್ಡ ಬೂದು ನಾಯಿಯನ್ನು ಎಳೆದುಕೊಂಡು ಬಂದು ನಮ್ಮ ನಡುವೆ ಸೇರಿದರು. ನಾಯಿ ಒಮ್ಮೆ ಮೂತಿಯಿಂದ ಬಾಲದ ತನಕ ಮೈ ಕೊಡವಿತು. ಎಲ್ಲರೂ ಹಿಂದೆ ಸರಿದರು. ಆಕೆ ಸಾರಿ, ಸಾರಿ ಎಂದರು. ನಾನೊಬ್ಬ ಮಾತ್ರ ಮುಂದಕ್ಕೆ ಬಾಗಿ ಮೂಸಿದೆ. ಆಕೆ ನಾಯಿಯನ್ನು ಸ್ವಲ್ಪ ತಮ್ಮ ಕಡೆಗೆ ಎಳೆದುಕೊಂಡರು, ಪಾಪ. ಒದ್ದೆ ತುಪ್ಪಳದ ಆ ನಾತ ನನಗೆ ವುಡ್‌ಬ್ರಿಡ್ಜಿನ ಒಂದು ಬೇಸ್‌ಮೆಂಟನ್ನೂ ಒಂದು ಚಳಿಗಾಲವನ್ನೂ ನೆನಪಿಗೆ ತರುತ್ತದೆ ಎಂದು ಅವರಿಗೆ ಹೇಗೆ ಹೇಳಲಿ?

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನಾನು ಮೈಸೂರಿನಿಂದ ಬಂದಿಳಿದಿದ್ದೆ. ಅಲ್ಲಿ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಇಲ್ಲಿ ಟೊರಾಂಟೊ ಪಕ್ಕದ ವಾನ್‌ನಲ್ಲಿ ಅಡುಗೆಮನೆಯ ಕಪಾಟು ಮಾಡುವ ಫ್ಯಾಕ್ಟರಿಯಲ್ಲಿ ಹೆಚ್ಚುಕಮ್ಮಿ ಅದೇ ಕೆಲಸ ಸಿಕ್ಕಿತು. ದಿನವಿಡೀ ಕಪಾಟಿನ ಬಾಗಿಲು ತೆಗೆದು, ಹಾಕಿ, ಎಲ್ಲಿ ಸಂದು ಬಿಟ್ಟಿದೆ ಎಂದು ನೋಡುವುದು. ಸಂದು ಕಂಡಲ್ಲಿ ಬೆರಳು ತೂರಿಸುವುದು ನನ್ನ ಹುಟ್ಟುಗುಣವೂ ಹೌದು. ಚಿಕ್ಕಂದಿನಲ್ಲಿ ಮನೆಯ ರೇಡಿಯೋ ಬಿಚ್ಚಿ, ಮತ್ತೆ ಜೋಡಿಸಲಾಗದೆ ಏಟು ತಿಂದವನು ನಾನು. "ಕಂಡವರ ವಿಷಯ ಕೆದಕೋಕೆ ಹೋಗಬೇಡ, ಅದು ಬೇರೆ ದೇಶ" ಎಂದು ಅಮ್ಮ ವಿಮಾನ ನಿಲ್ದಾಣದಲ್ಲಿ ಎಚ್ಚರಿಸಿ ಕಳಿಸಿದ್ದಳು.

ಇರಲು ಸಿಕ್ಕಿದ್ದು ಅದೇ ವಾನ್‌ನ ವುಡ್‌ಬ್ರಿಡ್ಜಿನಲ್ಲಿ ಡಾಕ್ಟರ್ ಆಂಟಿಯ ಮನೆಯ ಬೇಸ್‌ಮೆಂಟು. ಹೆಸರು ಕುಸುಮಾ, ಊರು ಹುಬ್ಬಳ್ಳಿ. ಮದುವೆಯಾಗಿ ಬಂದು, ಇಲ್ಲಿಯೇ ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು, ಜೀವಮಾನವಿಡೀ ಡಾಕ್ಟರಿಕೆ ಮಾಡಿ ನಿವೃತ್ತರಾದವರು. ಅಂಕಲ್ ತೀರಿಕೊಂಡಿದ್ದರು, ಮಗಳು ವ್ಯಾಂಕೂವರಿನಲ್ಲಿದ್ದಳು. ಫ್ರಿಜ್ಜಿನ ಪಕ್ಕದಲ್ಲಿ, ತಂಗಿ ಪ್ರತಿ ವರ್ಷ ಹುಬ್ಬಳ್ಳಿಯಿಂದ ಕಳಿಸುವ ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲಿ ಹುಣ್ಣಿಮೆ ಎಂದು ಅಚ್ಚಾದ ದಿನ ಆಂಟಿ ಸತ್ಯನಾರಾಯಣ ಪೂಜೆ ಮಾಡುವರು. ಪುರೋಹಿತರಿಲ್ಲ, ಕಥೆ ಓದುವುದೂ ಅವರೇ, ಗಂಟೆ ಬಾರಿಸುವುದೂ ಅವರೇ. ರವೆ, ಸಕ್ಕರೆ, ಹಾಲು, ತುಪ್ಪ, ಬಾಳೆಹಣ್ಣು ಸೇರಿಸಿ ಮಾಡಿದ ಸಪಾದ ಒಂದು ದೊಡ್ಡ ಡಬ್ಬಿಯಲ್ಲಿ ನನಗೆ ಇಳಿದು ಬರುತ್ತಿತ್ತು.

ವೇಡ್ ನನಗೆ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಫ್ಯಾಕ್ಟರಿಯಲ್ಲಿ ಲಾರಿಗಳಿಗೆ ಮಾಲು ತುಂಬಿಸುವ ಕಡೆಯ ದೊಡ್ಡ ಷಟರು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ರಿಪೇರಿಗೆ ಬಂದವನು ಏಣಿಯ ಮೇಲೆ ನಿಂತು ಸ್ಪ್ರಿಂಗು ಬಿಚ್ಚುತ್ತಿದ್ದ. ನಾನು ಅಷ್ಟು ದೂರದಿಂದ ಬರುತ್ತಿದ್ದಂತೆ, ತಿರುಗಿಯೂ ನೋಡದೆ ಹೇಳಿದ: "ಬೆಳಿಗ್ಗೆ ಕಡಲೆಕಾಯಿ ಹುರಿದಿದ್ದೀಯ. ಜೊತೆಗೆ ಇನ್ನೇನೋ ಇದೆ, ಹುಳಿಹುಳಿ." ಅವನು ಹೇಳಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಅವನ ಮಾತನ್ನೆಲ್ಲ ನನ್ನ ಕನ್ನಡಕ್ಕೆ ತಂದುಕೊಂಡಿದ್ದೇನೆ. ಬೆಳಿಗ್ಗೆ ನಾನು ಕಡಲೆಕಾಯಿ ಚಟ್ನಿಯನ್ನೇ ಮಾಡಿದ್ದೆ, ಹುಣಸೆಹಣ್ಣು ಹಾಕಿ. ಡಬ್ಬಿ ಇದ್ದದ್ದು ಕಟ್ಟಡದ ಇನ್ನೊಂದು ತುದಿಯ ಲಾಕರಿನಲ್ಲಿ.

"ಇದು ಹೇಗೆ ಗೊತ್ತಾಯಿತು?" ಎಂದೆ.

"ಮೂಗಿದೆಯಲ್ಲ," ಎಂದ.

ಇಷ್ಟು ಸಾಕಾಯಿತು ನನಗೆ. ಆ ಷಟರಿನಲ್ಲಿ ಇಲ್ಲದ ದೋಷಗಳನ್ನು ಹುಡುಕಿ ಅವನನ್ನು ಇನ್ನೂ ಮೂರು ಸಲ ಕರೆಸಿದೆ. ಮೂರನೆಯ ಸಲ ಅವನು ಏಣಿ ಹಾಕಲೇ ಇಲ್ಲ, ಎರಡು ಕಾಫಿ ಹಿಡಿದುಕೊಂಡು ಬಂದ.

ಫ್ಯಾಕ್ಟರಿಯಲ್ಲಿ ಎಲ್ಲರೂ ಅವನನ್ನು ಕೌಬಾಯ್ ಎನ್ನುತ್ತಿದ್ದರು. ಹುಟ್ಟಿ ಬೆಳೆದದ್ದು ಅಮೆರಿಕದ ವಯೋಮಿಂಗಿನಲ್ಲಿ, ಶೈಯೆನ್ ಎಂಬ ಊರಿನಲ್ಲಿ. ಬಂದು ಎಷ್ಟೋ ವರ್ಷವಾಗಿದ್ದರೂ ಮಾತಿನ ಎಳೆತ ಹಾಗೇ ಇತ್ತು. ಅಲ್ಲಿ ಗಾಳಿ ಎಷ್ಟು ಜೋರೆಂದರೆ ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆಗೆಯಬೇಕು ಎನ್ನುತ್ತಿದ್ದ. ಊರಿನಾಚೆ ಬರೀ ಹುಲ್ಲು, ಬೇಲಿ, ಆಕಾಶ. ಇಲ್ಲಿ ವಾನ್‌ನಲ್ಲಿ ಅವನು ನೋಡನೋಡುತ್ತಲೇ ಹೊಲಗಳೆಲ್ಲ ಒಂದೇ ಬಣ್ಣದ ಮನೆಗಳಾಗುತ್ತಿದ್ದವು. ಅದು ಅವನಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಹಾಗೆ ನೋಡಿದರೆ ಅವನೂ ವಲಸೆ ಬಂದವನೇ. ಆದರೆ ಹಿಮದ ಮೇಲೆ ಪಾದ ಹೇಗೆ ಊರಬೇಕು, ಯಾವ ಅಂಗಡಿಯ ಕೈಗವಸು ಬೆಚ್ಚಗೆ, ಮೇಲಧಿಕಾರಿ "ನೋಡೋಣ" ಎಂದರೆ ಇಲ್ಲ ಎಂದೇ ಅರ್ಥ ಎಂಬುದನ್ನೆಲ್ಲ ಹೇಳಿಕೊಟ್ಟವನು ಅವನು. ನನ್ನ ಪಾಲಿಗೆ ಈ ಊರಿನವನು ಎಂದರೆ ಅವನೇ.

ನನ್ನ ಮನಸ್ಸು ಗಂಡಸರ ಕಡೆಗೇ ಎಂಬುದು ನನಗೆ ಹೈಸ್ಕೂಲಿನಿಂದಲೇ ಗೊತ್ತು. ಮೈಸೂರಿನಲ್ಲಿ ಅದನ್ನು ಗಂಟು ಕಟ್ಟಿ ಅಟ್ಟದ ಮೇಲಿಟ್ಟಿದ್ದೆ. ಅಮ್ಮ ವಾಟ್ಸಾಪಿನಲ್ಲಿ ಜಾತಕಗಳನ್ನು ಕಳಿಸುತ್ತಲೇ ಇದ್ದಳು; ನಾನು ಹೂಂ, ನೋಡೋಣ ಎನ್ನುತ್ತಲೇ ಇದ್ದೆ. ನವೆಂಬರಿನ ಒಂದು ಸಂಜೆ ಪ್ಲಾಜಾದ ಪಾರ್ಕಿಂಗಿನಲ್ಲಿ, ವೇಡ್‌ನ ಟ್ರಕ್ಕಿನಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದೆವು. ಉಪ್ಪಿನಕಾಯಿಯ ಖಾರಕ್ಕೆ ಅವನ ಕಣ್ಣಲ್ಲಿ ನೀರು. ನಗುತ್ತಾ ಒರೆಸಲು ಹೋದ ನನ್ನ ಕೈಯನ್ನು ಅವನು ಬಿಡಲಿಲ್ಲ. ಮುತ್ತಿಟ್ಟದ್ದು ಯಾರು ಮೊದಲು ಎಂದು ಈಗಲೂ ನಮ್ಮಲ್ಲಿ ಒಮ್ಮತವಿಲ್ಲ. ಮನೆಗೆ ಬಂದು ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಅಷ್ಟು ಸಂತೋಷ ನನಗೆ ಅದಕ್ಕೂ ಮೊದಲು ಎಂದೂ ಆಗಿರಲಿಲ್ಲ.

ಇನ್ನು ಸಂದಿನ ಸಂಗತಿ. ತಿಂಗಳಿಗೆ ಒಂದು ಸಂಜೆ ವೇಡ್ ಸಿಗುತ್ತಿರಲಿಲ್ಲ. ಫೋನು ಆಫ್. ಹೊಲಗಳ ಅಂಚಿನಲ್ಲಿ ಅವನು ಬಾಡಿಗೆಗಿದ್ದ ಹಳೆಯ ಮನೆಗೆ ಹೋದರೆ ದೀಪವಿಲ್ಲ. ಮರುದಿನ ಬರುವಾಗ ಕಣ್ಣು ಕೆಂಪು, ಮೈಯೆಲ್ಲ ನೋವು, ಹಸಿವೋ ಹಸಿವು. ಆ ಮರುದಿನವೇ ಆಂಟಿಯ ಪೂಜೆ ಇರುತ್ತಿತ್ತು. ನಾನು ತೆಗೆದುಕೊಂಡು ಹೋದ ಸಪಾದದ ಡಬ್ಬಿಯನ್ನು ಟ್ರಕ್ಕಿನಲ್ಲೇ ಕೂತು ಬೆರಳಲ್ಲಿ ಬಳಿದು ಮುಗಿಸುತ್ತಿದ್ದ. ನವೆಂಬರಿನಲ್ಲಿ ಹೀಗಾಯಿತು, ಡಿಸೆಂಬರಿನಲ್ಲೂ ಹೀಗೇ ಆಯಿತು. ಹುಣ್ಣಿಮೆಯ ಹಿಂದಿನ ದಿನ ಏನು ವಿಶೇಷ? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಹೆಂಡತಿ ಇದ್ದಾಳೆಯೇ, ಕುಡಿತ ಬಿಡಿಸುವ ಕಡೆ ಹೋಗುತ್ತಾನೆಯೇ, ಬೇರೆ ಯಾರಾದರೂ ಇದ್ದಾರೆಯೇ ಎಂದು ತಲೆಗೆ ಹುಳ ಬಿಟ್ಟುಕೊಂಡೆ.

ಕೊನೆಗೆ ಕೇಳಿಯೇಬಿಟ್ಟೆ. ಅವನು ಟ್ರಕ್ಕನ್ನು ರಸ್ತೆ ಬದಿಗೆ ನಿಲ್ಲಿಸಿದ.

"ಬೇರೆ ಯಾರೂ ಇಲ್ಲ. ಅದೊಂದು ನಂಬು. ಆದರೆ ಆ ಸಂಜೆ ನನ್ನನ್ನ ಯಾರೂ ನೋಡಬಾರದು. ಶೈಯೆನ್‌ನಲ್ಲಿ ನನ್ನ ಅಣ್ಣ ನೋಡಿಬಿಟ್ಟ. ಬಂದೂಕು ತಂದ. ಆಮೇಲೆ ಇನ್ನೊಂದು ಊರಲ್ಲಿ, ನಾನು ಪ್ರೀತಿಸಿದವನೊಬ್ಬ ನೋಡಿದ. ಅವನು ಬಂದೂಕು ತರಲಿಲ್ಲ, ಆದರೆ ಬೆಳಿಗ್ಗೆ ಅವನ ಕಣ್ಣಲ್ಲಿದ್ದದ್ದನ್ನ ನಾನು ನೋಡಿದೆ. ಯಾರಾದರೂ ನೋಡಿದರೆ ಬೆಳಗಾಗುತ್ತಲೇ ಆ ಊರು ಬಿಡ್ತೀನಿ, ಮಧು. ಯಾವಾಗಲೂ ಹಾಗೇ ಮಾಡಿದ್ದೀನಿ. ಇಲ್ಲಿಂದ ಹೋಗೋಕೆ ನನಗೆ ಇಷ್ಟ ಇಲ್ಲ."

ಅವನು ಹೋಗಿಬಿಡಬಹುದು ಎಂಬುದೊಂದೇ ಕಿವಿಯಲ್ಲಿ ಉಳಿಯಿತು. ಕೇಳುವುದನ್ನು ನಿಲ್ಲಿಸಿದೆ. ನನ್ನಂಥವನಿಗೆ ಅದು ಎಷ್ಟು ಕಷ್ಟ ಎಂದು ನನ್ನ ಅಮ್ಮನನ್ನು ಕೇಳಬೇಕು.

ಜನವರಿಯಲ್ಲಿ ಡಾಕ್ಟರ್ ಆಂಟಿ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. "ಆ ಟ್ರಕ್ಕಿನ ಹುಡುಗನ್ನ ಒಂದಿನ ಕರ್ಕೊಂಡ್ ಬಾ. ಶುಕ್ರವಾರ ಹುಣ್ಣಿಮಿ ಅದ, ಪೂಜಾಕ್ಕ ಬರ್ಲಿ."

"ಯಾವ ಹುಡುಗ ಆಂಟಿ? ಅವನು ಬರೀ ಫ್ರೆಂಡು," ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಾ ಡಾಕ್ಟರಕಿ ಮಾಡೀನಪಾ, ಕಣ್ಣ ಮುಚ್ಚಿಕೊಂಡ ಮಾಡಿಲ್ಲ. ಕರ್ಕೊಂಡ್ ಬಾ."

ಇಷ್ಟು ವರ್ಷ ಹೆದರಿ ಅಟ್ಟದ ಮೇಲಿಟ್ಟಿದ್ದನ್ನು ಈ ಹೆಂಗಸು ಸಾರಿಗೆ ಒಗ್ಗರಣೆ ಹಾಕುತ್ತಲೇ ಕೆಳಗಿಳಿಸಿದ್ದರು. ವೇಡ್‌ಗೆ ಹೇಳಿದೆ. "ಶುಕ್ರವಾರವಾ? ಖಂಡಿತವಾಗಿ ಶುಕ್ರವಾರ ತಾನೆ?" ಎಂದು ಎರಡು ಸಲ ಕೇಳಿ ಒಪ್ಪಿಕೊಂಡ.

ಗುರುವಾರ ಮಧ್ಯಾಹ್ನ ಹಿಮ ಸುರಿಯಿತು. ಫ್ಯಾಕ್ಟರಿ ಬೇಗ ಬಿಟ್ಟರು. ಬಸ್ಸಿನ ಸುಳಿವಿಲ್ಲ. ವೇಡ್ ಅದೇ ಕಡೆ ಯಾವುದೋ ಗೋದಾಮಿನಲ್ಲಿದ್ದವನು, "ಬೇಗ ಹತ್ತು, ನಿನ್ನನ್ನ ಇಳಿಸಿ ಹೋಗಬೇಕು" ಎಂದ. ದಾರಿಯುದ್ದಕ್ಕೂ ಟ್ರಾಫಿಕ್ಕು ಆಮೆಯಂತೆ ತೆವಳಿತು. ಅವನು ಪದೇ ಪದೇ ಗಡಿಯಾರ ನೋಡುತ್ತಿದ್ದ. ಇವತ್ತು ಆ ಸಂಜೆ ಎಂದು ನನಗೆ ಗೊತ್ತಾಯಿತು. ಏನನ್ನೂ ಕೇಳದೆ ಕೂತೆ. ಮನೆಯ ಮುಂದೆ ಟ್ರಕ್ಕು ನಿಲ್ಲುವುದಕ್ಕೂ ಆಂಟಿ ಬಾಗಿಲು ತೆಗೆಯುವುದಕ್ಕೂ ಸರಿಹೋಯಿತು. ಇಳಕಲ್ ಸೀರೆ, ಕಾಲಿಗೆ ಹಿಮದ ಬೂಟು, ಕೈಯಲ್ಲಿ ಆರತಿ ತಟ್ಟೆ. ಆಂಟಿ ಮೆಟ್ಟಿಲ ಮೇಲೆ ನಿಂತಿದ್ದರು.

"ಛೊಲೊ ಆತು, ಇಬ್ಬರೂ ಬಂದ್ರಿ! ಪೂಜಾ ಇವತ್ತ ಅದನೋ ಮಧು. ಟೊರಾಂಟೊದ ಲೆಕ್ಕದ್ದು ಪಂಚಾಂಗ ಬ್ಯಾರೆ ಅದ ಅಂತ ಮಿಸಿಸಾಗಾದ ಗೆಳತಿ ಈಗ ಹೇಳಿದ್ಲು. ಅಲ್ಲೆ ಶುಕ್ರವಾರ ಬೆಳಿಗ್ಗಿ ಅಂದ್ರ ಇಲ್ಲೆ ಇನ್ನೂ ಗುರುವಾರ ಸಂಜಿ. ಇಷ್ಟ ವರ್ಷ ಇಲ್ಲೆ ಕೂತು ಹುಬ್ಬಳ್ಳಿ ಚಂದ್ರಗ ಪೂಜಾ ಮಾಡೀನಿ ನೋಡು!"

ನಾನು ನಗುತ್ತಿದ್ದೆ. ನಗುತ್ತಿದ್ದವನಿಗೆ ಹಾಗೇ ಅರ್ಥವಾಗತೊಡಗಿತು. ಹಿಂದಿನ ದಿನವಲ್ಲ. ವೇಡ್ ಇಲ್ಲದ ಸಂಜೆಗಳೆಲ್ಲ ಹುಣ್ಣಿಮೆಯ ಸಂಜೆಗಳೇ. ಆದರೆ ಹುಣ್ಣಿಮೆಗೂ ಒಬ್ಬ ಗಂಡಸಿಗೂ ಏನು ಸಂಬಂಧ ಎಂಬುದು ಇನ್ನೂ ತಲೆಗೆ ಹೋಗಿರಲಿಲ್ಲ.

ವೇಡ್ ಹೊರಡುತ್ತೇನೆ ಎಂದ. ಆಂಟಿ ಇಂಗ್ಲಿಷಿಗೆ ತಿರುಗಿ, ಹತ್ತೇ ನಿಮಿಷ, ಪ್ರಸಾದ ತೆಗೆದುಕೊಂಡು ಹೋಗು ಎಂದರು. ನಮ್ಮವರ ಹತ್ತು ನಿಮಿಷ ಎಷ್ಟು ಉದ್ದ ಎಂಬುದು ಅವನಿಗೆ ಗೊತ್ತಿರಲಿಲ್ಲ. ದೊಡ್ಡವರು ಕೈಹಿಡಿದು ಕರೆದರೆ ಬಿಡಿಸಿಕೊಳ್ಳುವುದು ಅವನ ಊರಿನಲ್ಲೂ ಇಲ್ಲವಂತೆ. ಒಳಗೆ ಬಂದು ಚಾಪೆಯ ಮೇಲೆ ಉದ್ದನೆಯ ಕಾಲು ಮಡಚಿ ಕೂತ. ಆಂಟಿ ಕಥೆ ಓದತೊಡಗಿದರು. ಒಂದು ಅಧ್ಯಾಯ, ಎರಡು ಅಧ್ಯಾಯ. ಅವನ ಹಣೆಯಲ್ಲಿ ಬೆವರು. ಎದ್ದೇಬಿಡುತ್ತಾನೆ ಎನ್ನುವಾಗ ಆಂಟಿ ಪುಸ್ತಕದಿಂದ ತಲೆಯೆತ್ತಿ, ಪ್ರಸಾದ ಬಿಟ್ಟು ಓಡಿದವಳ ಗಂಡ ಹಡಗಿನ ಸಮೇತ ಮುಳುಗಿಹೋದ ಭಾಗವನ್ನು ಅವನಿಗಾಗಿಯೇ ಇಂಗ್ಲಿಷಿನಲ್ಲಿ ಹೇಳಿದರು. ವೇಡ್ ನನ್ನ ಕಡೆ ನೋಡಿ ಮತ್ತೆ ಕೂತ. ಹೊರಗೆ ಹಿಮ ನಿಂತಿತ್ತು, ಐದಕ್ಕೆಲ್ಲ ಕತ್ತಲು.

ಮಂಗಳಾರತಿಯ ಗಂಟೆ ಬಾರಿಸುವಾಗ ಅವನು ನನ್ನ ತೋಳು ಹಿಡಿದ. ಅವನ ಅಂಗೈ ಕೆಂಡದಷ್ಟು ಬಿಸಿ. "ಕಿಟಕಿ ಇಲ್ಲದ ಕೋಣೆ ಇದೆಯಾ? ಈಗಲೇ."

ಬೇಸ್‌ಮೆಂಟಿಗೆ ಓಡಿದೆವು. ಮನೆ ಬಿಸಿ ಮಾಡುವ ಫರ್ನೇಸ್ ಇರುವ ಪುಟ್ಟ ಕೋಣೆಗೆ ಅವನನ್ನು ಬಿಟ್ಟೆ. ಅಂಗಿಯ ಗುಂಡಿ ಕೀಳುತ್ತಾ ಗಡಿಬಿಡಿಯಲ್ಲಿ ಹೇಳಿದ: "ನಾನು ತೋಳ ಆಗ್ತೀನಿ. ನಗಬೇಡ. ಮೋಡ ಇದ್ದರೂ ಆಗುತ್ತೆ. ಹೊರಗಿಂದ ಚಿಲಕ ಹಾಕು, ಬೆಳಗಾಗೋವರೆಗೂ ತೆಗೀಬೇಡ."

"ಆಗ ನಿನಗೆ ನಾನು ಯಾರು ಅಂತ ಗೊತ್ತಿರುತ್ತಾ?" ಎಂದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಂದ ಬಂದದ್ದು ಪ್ರಶ್ನೆಯೇ.

ಅವನು ಅಂಗಿಯನ್ನು ನೆಲಕ್ಕೆ ಎಸೆದ. "ಗೊತ್ತಿಲ್ಲ. ಬೆಳಿಗ್ಗೆ ನನಗೆ ಏನೂ ನೆನಪಿರಲ್ಲ. ರಾತ್ರಿಯೆಲ್ಲ ಹತ್ತಿರ ಇದ್ದು ನೋಡಿದವರು ಯಾರೂ ಇಲ್ಲ, ಹೇಳೋಕೆ."

ಬಾಗಿಲು ಮುಚ್ಚಿದೆ. ಆ ಬಾಗಿಲಿಗೆ ಚಿಲಕವೇ ಇರಲಿಲ್ಲ. ಹಿಡಿಕೆ ಇತ್ತು, ಅದೂ ಕೂರುತ್ತಿರಲಿಲ್ಲ; ಬಂದ ದಿನವೇ ಅದನ್ನು ಗಮನಿಸಿ ಆಂಟಿಗೆ ಹೇಳಿದ್ದೆ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಒಳಗಿನಿಂದ ಬಂದ ಸದ್ದನ್ನು ಬರೆಯುವುದಿಲ್ಲ. ಅದು ನೋವಿನ ಸದ್ದು, ಮತ್ತು ನೋವು ಅವನದು. ನಾನು ಅತ್ತೆ. ಆಮೇಲೆ ಸದ್ದು ನಿಂತಿತು. ಬಾಗಿಲ ಸಂದಿನಿಂದ ಬಿಸಿ ಉಸಿರು ನನ್ನ ಸೊಂಟಕ್ಕೆ ತಾಗಿತು.

ಓಡಬಹುದಿತ್ತು. ಆದರೆ ವೇಡ್‌ನ ಅಣ್ಣನ ಬಂದೂಕು ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಉತ್ತರ ಬೇಕಿತ್ತು. ಅವನಿಗೆ ನಾನು ಗೊತ್ತೇ, ಇಲ್ಲವೇ? ಪಕ್ಕಕ್ಕೆ ಸರಿದೆ. ಬಾಗಿಲು ತಾನಾಗಿ ತೆರೆದುಕೊಂಡಿತು.

ನಾನು ಎಣಿಸಿದಷ್ಟು ದೊಡ್ಡದಿರಲಿಲ್ಲ. ಕಂದು ಬೆರೆತ ಬೂದು ಬಣ್ಣ, ಉದ್ದ ಕಾಲು, ಹಳದಿ ಕಣ್ಣು. ಬೆವರೋ, ಬಟ್ಟೆಯಿಂದ ಕರಗಿದ ಹಿಮವೋ, ಮೈ ಒದ್ದೆಯಾಗಿ ಕೋಣೆಯೆಲ್ಲ ಆ ನಾತ. ಅದು ನನ್ನನ್ನು ಮೂಸಿತು. ಮೊದಲು ಕಾಲ್ಚೀಲ, ಆಮೇಲೆ ಮಂಡಿ, ಆಮೇಲೆ ಕುತ್ತಿಗೆ. ಕುತ್ತಿಗೆಯ ಹತ್ತಿರ ಬಹಳ ಹೊತ್ತು ನಿಂತಿತು. ಅದರ ಹಲ್ಲು ನನಗೆ ಕಾಣುತ್ತಿತ್ತು. ಅಲ್ಲಾಡಬಾರದು ಎಂದುಕೊಂಡೆ, ಅಲ್ಲಾಡಲು ಆಗುತ್ತಲೂ ಇರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಆಂಟಿಯ ಹೆಜ್ಜೆ. "ಪ್ರಸಾದ ಬಿಟ್ಟು ಎಲ್ಲೆ ಓಡಿದ್ರಿ ಇಬ್ಬರೂ..." ಎನ್ನುತ್ತಾ ಇಳಿದವರು ಅರ್ಧದಲ್ಲೇ ನಿಂತರು. ತೋಳ ತಲೆಯೆತ್ತಿತು. ನೆಲದ ಮೇಲೆ ಬಿದ್ದಿದ್ದ ಅಂಗಿ, ಜೀನ್ಸು, ಬಿಳಿಚಿಕೊಂಡ ನಾನು. ಆಂಟಿ ಒಂದೊಂದನ್ನೇ ನೋಡಿದರು. ಸಪಾದದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಂವನ ಏನು?"

"ಹೂಂ ಆಂಟಿ."

"ಎಷ್ಟ ದಿನದಿಂದ ಅದ?" ಎಂದು ಕೇಳಿದರು. ದನಿ ನಡುಗುತ್ತಿದ್ದರೂ ಪ್ರಶ್ನೆ ರೋಗಿಯ ಹತ್ತಿರ ಕೇಳುವಂಥದೇ.

"ಗೊತ್ತಿಲ್ಲ ಆಂಟಿ. ತಿಂಗಳಿಗೊಂದು ಸಲ."

"ನಿನಗ ಏನೂ ಮಾಡಿಲ್ಲ ಹೌದಲ್ಲೊ?"

"ಇಲ್ಲ."

ಬಟ್ಟಲನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟರು. "ಮ್ಯಾಲೆ ಬಂದ್ಬಿಡು ಅಂದ್ರ ಬರ್ತಿಯೇನು?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ನಿಟ್ಟುಸಿರು ಬಿಟ್ಟು, "ಪ್ರಸಾದ ಹಂಗ ಬಿಡಬಾರದು, ಅವಗೂ ಕೊಡು. ನಾ ಇಲ್ಲೆ ಮ್ಯಾಲ ಎಚ್ಚರ ಇರ್ತೀನಿ, ಒಂದ್ ಕೂಗ್ ಹಾಕು" ಎಂದು ಹಿಮ್ಮುಖವಾಗಿ ಹತ್ತಿ ಹೋದರು. ಮೇಲಿನ ಬಾಗಿಲನ್ನು ಮುಚ್ಚಲಿಲ್ಲ.

ತೋಳ ಬಟ್ಟಲು ನೆಕ್ಕಿತು. ಒಣದ್ರಾಕ್ಷಿಯನ್ನೂ ಬಿಡಲಿಲ್ಲ. ಈಗ ನನ್ನ ಹತ್ತಿರ ಬರುತ್ತದೆ, ಮುಖ ನೋಡುತ್ತದೆ, ಬಾಲವನ್ನಾದರೂ ಆಡಿಸುತ್ತದೆ ಎಂದು ಕಾದೆ. ಅದು ಕೋಣೆಯೊಳಗೆ ಒಂದು ಸುತ್ತು ಹೊಡೆದು, ನನ್ನ ಕಾಲಿಗೆ ತಾಗುವಷ್ಟು ಹತ್ತಿರ, ನನಗೆ ಬೆನ್ನು ಮಾಡಿ ಮಲಗಿತು. ಮುಖ ಗೋಡೆಯ ಕಡೆಗೆ. ಗೊರಕೆಯೂ ಬಂತು. ಹೆಸರು ಹಿಡಿದು ಕರೆದೆ. ಒಂದು ಕಿವಿ ಅಲ್ಲಾಡಿತು, ಅಷ್ಟೆ. ನನಗೆ ತುಂಬ ಬೇಜಾರಾಯಿತು. ಅವನಿಗೆ ನಾನು ಯಾರೂ ಅಲ್ಲ ಎಂದುಕೊಂಡು, ನನ್ನ ರಜಾಯಿಯನ್ನು ಇಬ್ಬರ ಮೇಲೂ ಎಳೆದುಕೊಂಡೆ.

ಎಚ್ಚರವಾದಾಗ ಬೆಳಗಾಗಿತ್ತು. ವೇಡ್ ಬಟ್ಟೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ಮುಖ ಬೂದಿಯಾಗಿತ್ತು. ಟ್ರಕ್ಕಿನ ಕೀಲಿ ಪಕ್ಕದಲ್ಲಿತ್ತು. ಆಂಟಿ ಮಾಡಿಕೊಟ್ಟ ಚಹಾ ಕುಡಿಯದೆ ತಣ್ಣಗಾಗಿತ್ತು.

"ನಿನಗೆ ಏನಾದರೂ ಮಾಡಿದೆನಾ?"

"ಇಲ್ಲ."

"ಹೆದರಿದೆಯಾ?"

"ಹೆದರಿದೆ."

ಅವನು ತಲೆಯಾಡಿಸಿದ. ಒಂದು ಬೂಟಾಯಿತು, ಇನ್ನೊಂದಕ್ಕೆ ಕೈ ಹಾಕಿದ. ಇವನು ಹೋಗುತ್ತಾನೆ ಎಂದು ಗೊತ್ತಾಯಿತು. ಹೋಗಬೇಡ ಎನ್ನಬೇಕಿತ್ತು. ರಾತ್ರಿಯ ಬೇಜಾರು ಮಾತ್ರ ಹೊರಬಂತು.

"ನಿನಗೆ ನಾನು ಯಾರು ಅಂತ ಗೊತ್ತಾಗಲಿಲ್ಲ," ಎಂದೆ. "ರಾತ್ರಿಯೆಲ್ಲ ಪಕ್ಕದಲ್ಲೇ ಇದ್ದೆ. ಒಂದು ಸಲ ಮುಖ ನೋಡಲಿಲ್ಲ. ನನಗೆ ಬೆನ್ನು ಹಾಕಿ ಮಲಗಿಬಿಟ್ಟೆ."

ಲೇಸಿನ ಮೇಲೆ ಅವನ ಕೈ ನಿಂತಿತು. "ಏನಂದೆ?"

"ಬೆನ್ನು ಹಾಕಿ ಮಲಗಿದೆ. ಗೊರಕೆ ಬೇರೆ."

"ನಿನ್ನ ಕಡೆಗೆ ಬೆನ್ನು ಮಾಡಿ?"

"ಹೂಂ. ಗೋಡೆ ನೋಡಿಕೊಂಡು."

ಅವನು ನನ್ನನ್ನೇ ನೋಡಿದ. ಕಣ್ಣು ತುಂಬಿ, ನೀರು ಗಡ್ಡಕ್ಕೆ ಇಳಿದರೂ ಒರೆಸಿಕೊಳ್ಳಲಿಲ್ಲ. ಮೃಗವೊಂದು ತಾನು ನಂಬಿದವರಿಗೆ ಮಾತ್ರ ಬೆನ್ನು ಕೊಟ್ಟು ಮಲಗುತ್ತದೆ ಎಂಬುದನ್ನು ಅವನು ನನಗೆ ವಿವರಿಸಿ ಹೇಳಿದ್ದು ಎಷ್ಟೋ ದಿನಗಳಾದ ಮೇಲೆ. ಆ ಬೆಳಿಗ್ಗೆ ಅವನು ಬಾಗಿ, ಕಟ್ಟಿದ್ದ ಲೇಸನ್ನು ಬಿಚ್ಚಿ, ಒಂದರ ಹಿಂದೊಂದು ಎರಡೂ ಬೂಟು ಕಳಚಿ ಗೋಡೆಯ ಪಕ್ಕ ಇಟ್ಟ.